ಕೊನೆಯ ತೂಬಿನ ಬ್ಯಾಟರಿ

ಮಂಗಳವಾರ ಬೆಳಿಗ್ಗೆ ಏಳೂವರೆಗೆ ದಾವಣಗೆರೆ ಬಿಟ್ಟೆವು. ಹೆಂಗಸರಿಗೆ ಉಚಿತವಿಲ್ಲದ ಖಾಸಗಿ ಬಸ್ಸಾದ್ದರಿಂದ ಜೊತೆಗಿದ್ದ ಶೈಲಜಾ ಕೂಡ ಟಿಕೆಟ್ ಕೊಂಡರು. ನಿಜಲಿಂಗಪ್ಪ ಬಡಾವಣೆಯಲ್ಲಿ ಮಿಕ್ಸಿ, ಯುಪಿಎಸ್ ರಿಪೇರಿ ಅಂಗಡಿ ನಡೆಸುವ ಅವರು ಭಾನುವಾರ ಬಿಟ್ಟರೆ ಬೇರೆ ದಿನ ಬಾಗಿಲು ಹಾಕುವವರಲ್ಲ. ಅಂದು ಹಾಕಿದ್ದರು. ತೊಡೆಯ ಮೇಲಿದ್ದ ಊಟದ ಡಬ್ಬಿಯಲ್ಲಿ ಮೀಟರು, ಸ್ಕ್ರೂಡ್ರೈವರು, ಒಂದಿಷ್ಟು ವೈರು ಇದ್ದವು.

ಮಲೆಬೆನ್ನೂರಿನಾಚೆ ನಾಲೆಯ ಕವಲೊಂದರ ಕೊನೆಯ ತೂಬಿನ ಬಳಿ ಅವರು ಕಂಬವೊಂದರ ಮೇಲೆ ರೇಡಿಯೊ ಬೋರ್ಡ್ ಕೂರಿಸಿದ್ದಾರೆ. ಬೆಂಕಿಪೊಟ್ಟಣದಷ್ಟೇ ಗಾತ್ರ. ಹತ್ತು ನಿಮಿಷಕ್ಕೊಮ್ಮೆ ಎಚ್ಚರಗೊಂಡು, ನೀರಿನ ಮಟ್ಟ ಅಳೆದು, ಹರಿಹರಕ್ಕೆ ಸುದ್ದಿ ಕಳಿಸಿ ಮತ್ತೆ ಮಲಗುತ್ತದೆ. ನೀರು ಬಂದಿದ್ದರೆ ಅಲ್ಲಿಂದ ರೈತರ ಮೊಬೈಲಿಗೆ ಕರೆ ಹೋಗುತ್ತದೆ. ಅಲ್ಲಿ ಕರೆಂಟಿಲ್ಲ, ಪುಸ್ತಕದಗಲದ ಸೌರಫಲಕವೇ ಬ್ಯಾಟರಿ ತುಂಬಬೇಕು. ನಾಲೆಗೆ ನೀರು ಬಿಡುವ ಕಳೆದ ಸರದಿಯಲ್ಲಿ, ನೀರು ಬಂದ ದಿನವೇ ಬೋರ್ಡ್ ಸತ್ತಿತ್ತು. ಮುಂದಿನ ನೀರು ಬುಧವಾರಕ್ಕೆ.

"ಈ ಸಲನೂ ಹಂಗಾದ್ರೆ ಕಿತ್ತು ಹಾಕ್ತೀವಿ ಅಂದಾರೆ ರೈತರು," ಎಂದ ಶೈಲಜಾ, ಬಾತಿ ದಾಟುವಾಗ ಕಿಟಕಿಯಿಂದ ಬಗ್ಗಿ ಆಕಾಶ ನೋಡಿದರು. ಮೋಡ ಕವಿದಿತ್ತು.

ಹರಿಹರದಲ್ಲಿ ಅವರ ಅಕ್ಕನ ಮನೆಯ ತಾರಸಿ ಹತ್ತಿದೆವು. ನೀರಿನ ಟ್ಯಾಂಕಿನ ಪಕ್ಕ ಸುದ್ದಿ ಹಿಡಿಯುವ ಇನ್ನೊಂದು ಬೋರ್ಡ್. ಅದೇ ಫಲಕ, ಅದೇ ಬ್ಯಾಟರಿ, ಬೆಸುಗೆ ಹಾಕಿದ ಕೈಯೂ ಒಂದೇ. ಮೀಟರು 4.1 ವೋಲ್ಟ್ ತೋರಿಸಿತು, ಎಂದರೆ ಬ್ಯಾಟರಿ ತುಂಬಿತ್ತು. ಎರಡು ವರ್ಷದಿಂದ ಇಲ್ಲಿ ಏನೂ ಬದಲಾಗಿಲ್ಲವಂತೆ. ನಾಲೆಯ ಬಳಿ ಎರಡು ಸಲ ಬ್ಯಾಟರಿ ಬದಲಾಗಿದೆ. ಅಕ್ಕ ಕೊಟ್ಟ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಶೈಲಜಾ ಮೊಬೈಲಿನಲ್ಲಿ ಆ ನಾಲೆಯ ಬ್ಯಾಟರಿಯ ಏರಿಳಿತದ ಗೆರೆ ತೋರಿಸಿದರು.

"ಸೋಮವಾರ ಬಂತಂದ್ರೆ ಇಳಿಯಾಕೆ ಶುರು. ಶುಕ್ರವಾರ, ಶನಿವಾರ ತಾನೇ ಏರತೈತೆ. ಬ್ಯಾಟರಿಗೆ ವಾರ ಹೆಂಗ್ರಿ ಗೊತ್ತಾಗತೈತೆ?"

ಮಲೆಬೆನ್ನೂರಿಗೆ ಇನ್ನೊಂದು ಬಸ್ಸು, ಮುಕ್ಕಾಲು ಗಂಟೆ. ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಹಾಲಮ್ಮನವರಿಗೆ ಕೊನೆಯ ತೂಬಿನ ಕೆಳಗೆ ಒಂದೂವರೆ ಎಕರೆ ಗದ್ದೆ. ನಾಟಿಗೆ ಸಸಿ ಸಿದ್ಧವಿತ್ತು.

"ನಿನ್ನ ಪೆಟಗಿ ಮತ್ತೆ ನಿದ್ದಿ ಹೊಡೀತೈತೇನವ್ವ?" ಎಂದು ಶೈಲಜಾರನ್ನು ಮಾತಾಡಿಸಿದರು. ಆಟೊದಲ್ಲಿ ನನಗೆ ವಿವರಿಸಿದರು: "ಉಳಿದೋರು ಚಾನಲ್ ಕಾಯಾಕೆ ಗಂಡಾಳು ಕಳಸ್ತಾರೆ. ನನ್ನ ಮಗ ಲಾರಿ ಮ್ಯಾಲೆ. ಮನ್ಯಾಗೆ ಸೊಸಿಗೆ ದಿನ ತುಂಬೈತೆ. ಬಿಟ್ಟು ಹೆಂಗೆ ಹೋಗ್ಲಿ? ಹೋದ್ ಸಲ ಗೊತ್ತಾಗೋದ್ರೊಳಗೆ ನೀರು ಹಳ್ಳ ಸೇರಿತ್ತು."

ತೂಬಿನ ಪಕ್ಕದ ಗದ್ದೆಯ ರುದ್ರಪ್ಪ ನಮ್ಮನ್ನು ಎದುರುಗೊಂಡರು. ಎಪ್ಪತ್ತು ದಾಟಿದವರು. ಫಲಕ ನೋಡಿಕೊಳ್ಳುವ ಹೊಣೆ ಅವರದು. "ಒಂದು ವಾರ ತಪ್ಪಿಸಿಲ್ರಿ. ಸೋಮವಾರ ಜಳಕ ಮಾಡಿ ಬಂದು ಒರೆಸ್ತೀನಿ," ಎಂದರು. ನಿಜ. ಫಲಕದ ಮೇಲೆ ಧೂಳಿನ ಸುಳಿವಿರಲಿಲ್ಲ. ಆದರೆ ಈ ಅಂಚಿನಿಂದ ಆ ಅಂಚಿಗೆ ವಿಭೂತಿಯ ಮೂರು ದಪ್ಪ ಪಟ್ಟೆಗಳಿದ್ದವು.

ಶೈಲಜಾ ಇಲ್ಲಿಗೆ ಬರುತ್ತಿದ್ದುದು ಭಾನುವಾರಗಳಂದು; ಅಷ್ಟರಲ್ಲಿ ಇಬ್ಬನಿ, ಗಾಳಿಗೆ ಪಟ್ಟೆ ಅಳಿಸಿಹೋಗಿರುತ್ತಿತ್ತು. ತಪ್ಪೆಂದು ಹೇಳುವ ಬದಲು ಮೀಟರನ್ನು ವೃದ್ಧರ ಕೈಗಿಟ್ಟರು.

"ದೊಡ್ಡಪ್ಪ, ಈ ಅಂಕಿ ನೋಡ್ತಾ ಇರ್ರಿ."

ಬ್ಯಾಟರಿಗೆ ಹೋಗುತ್ತಿದ್ದ ಕರೆಂಟಿನ ಅಂಕಿ ಇಪ್ಪತ್ತು. ಒಂದು ಪಟ್ಟೆ ಒರೆಸಿದಾಗ ಮೂವತ್ತೈದು. ಎರಡನೆಯದಕ್ಕೆ ಐವತ್ತು. ಮೂರನೆಯದಕ್ಕೆ ಕೈಹಾಕುವಾಗ ರುದ್ರಪ್ಪ ತಡೆದರು. ಮೀಟರನ್ನು ಹಾಲಮ್ಮನವರಿಗೆ ಕೊಟ್ಟು, ಹೆಗಲ ಮೇಲಿನ ವಲ್ಲಿಯಿಂದ ತಾವೇ ಒರೆಸಿದರು. ಎಪ್ಪತ್ತು.

"ಪಂಪ್‌ಸೆಟ್‌ಗೂ ಹಚ್ತೀನಿ. ಅದೇನೂ ಅನ್ನಲಿಲ್ಲ," ಎಂದರು.

"ಅದು ಬಿಸಿಲು ಉಣ್ಣಲ್ಲ, ದೊಡ್ಡಪ್ಪ."

"ಹಂಗಾದ್ರೆ ಇಬೂತಿ ಕಂಬಕ್ಕಿರ್ಲಿ. ಇದಕ್ಕ ಬ್ಯಾಡ."

"ಅಂತೂ ನನ್ನ ನೀರು ಕುಡಿದಿದ್ದು ನಿನ್ನ ಭಕ್ತಿ ಅನ್ನು, ರುದ್ರಣ್ಣ," ಎಂದರು ಹಾಲಮ್ಮ. ರುದ್ರಪ್ಪ ನಕ್ಕರು, ತುಸು ತಡವಾಗಿ.

ಬ್ಯಾಟರಿ 3.3 ವೋಲ್ಟಿಗೆ ಇಳಿದಿತ್ತು. ಇನ್ನು ಸ್ವಲ್ಪ ಇಳಿದರೆ ಬೋರ್ಡ್ ನಿಲ್ಲುತ್ತಿತ್ತು. ಮೋಡ ಇಡೀ ದಿನ ಸರಿಯಲಿಲ್ಲ. ಶೈಲಜಾ ಗಂಟೆಗೊಮ್ಮೆ ಅಳೆಯುತ್ತ ಬದುವಿನ ಮೇಲೆಯೇ ಕೂತರು. ಸಂಜೆ ಆರಕ್ಕೆ 3.6. ಮಬ್ಬು ಬೆಳಕಿನಲ್ಲಿ ಕೂಡಿದ್ದು ಅಷ್ಟು. ಆದರೆ ಅಷ್ಟರಲ್ಲೇ ರಾತ್ರಿ ಕಳೆಯುವಷ್ಟು ಕಡಿಮೆ ಉಣ್ಣುವಂತೆ ಆ ಬೋರ್ಡನ್ನು ಅವರು ಪಳಗಿಸಿದ್ದರು. ಇಂಥ ಮಿತವ್ಯಯ ನಾನು ಬೇರೆಲ್ಲೂ ಕಂಡಿಲ್ಲ.

ಹಾಲಮ್ಮನವರ ಮನೆಯಲ್ಲೇ ಉಳಿದೆವು. ಬುಧವಾರ ಬೆಳಿಗ್ಗೆ ಐದೂ ಮುಕ್ಕಾಲಕ್ಕೆ ಅವರ ಮೊಬೈಲು ಬಡಿದುಕೊಂಡಿತು. ಅವರು ಸೊಸೆಯನ್ನು ಎಬ್ಬಿಸಿ, ಸಲಿಕೆ ಹಿಡಿದು ಹೊರಟರು. ನಾವು ಹಿಂದೆಯೇ ಹೋದಾಗ ತೂಬಿನಿಂದ ಕಂದು ನೀರು ಗದ್ದೆಗೆ ಇಳಿಯುತ್ತಿತ್ತು.

ಎಂಟರ ಬಸ್ಸಿಗೆಂದು ಶೈಲಜಾ ನಾಲೆಯ ಏರಿಯಿಂದ ಕೂಗಿದರು: "ಬರ್ತೀವ್ರಿ, ಹಾಲಮ್ಮ." ಮೊಣಕಾಲುದ್ದ ಕೆಸರಿನಲ್ಲಿದ್ದ ಹಾಲಮ್ಮ ತಲೆ ಎತ್ತಲಿಲ್ಲ. ಬದು ಒಂದು ಕಡೆ ಒಡೆದಿತ್ತು. ನೀರು ಪಕ್ಕದ ಗದ್ದೆಗೆ ನುಗ್ಗುವ ಮೊದಲು ಅದನ್ನು ಕಟ್ಟುತ್ತಿದ್ದರು.