ಎಡಚರ ಬೀದಿ

ಕೋವಿಡ್ ಮುಗಿದ ಮರುವರ್ಷ. ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿ, ಹಳೆಯ ಸಿನಿಮಾ ರೀಲುಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಹಿರಿಯ ಟೆಕ್ನಿಷಿಯನ್. ಹದಿನಾಲ್ಕು ವರ್ಷದ ಅನುಭವವಿತ್ತು, ಅದರ ಜೊತೆಗೇ ಬೆಳೆದ ಜಂಬವೂ ಇತ್ತು. ಆ ಜಂಬವನ್ನು ಇಳಿಸಿದ್ದು ತೊಂಬತ್ತು ಸೆಕೆಂಡಿನ ಒಂದು ರೀಲು.

ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಕ್ಲಾಂಡಾಲ್ಕಿನ್‌ನಿಂದ ಬಸ್ಸಿನಲ್ಲಿ ಬಂದವರು ಡೆಲೇನಿ ಎಂಬ ಎಂಬತ್ತೈದರ ಹಿರಿಯರು. ಅವರ ತಾತ ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಹತ್ತಿಗಿರಣಿಗಳ ಊರಿಗೆ ದುಡಿಯಲು ಹೋಗಿ, ಯಂತ್ರಕ್ಕೆ ಎಡಗೈ ಕಳೆದುಕೊಂಡವರು. ಆ ಕಾಲದಲ್ಲಿ ಕ್ಯಾಮೆರಾದವರು ಗಿರಣಿ ಬಿಡುವ ಹೊತ್ತಿಗೆ ಬೀದಿಯಲ್ಲಿ ನಿಂತು ಜನರನ್ನು ಚಿತ್ರಿಸಿ, ಆಮೇಲೆ ಅವರಿಗೇ ಟಿಕೆಟ್ ಮಾರಿ ತೋರಿಸುತ್ತಿದ್ದರು. ‘ನಿಮ್ಮ ತಾತ ಇದರಲ್ಲಿದ್ದಾರೆ’ ಎಂದು ಡೆಲೇನಿಯವರ ತಾಯಿ ಹೇಳುತ್ತಿದ್ದರಂತೆ. ಮನೆಯಲ್ಲಿ ತಾತನ ಬೇರೆ ಫೋಟೊ ಒಂದೂ ಇಲ್ಲ. ಡೆಲೇನಿಯವರಿಗೆ ದೃಷ್ಟಿಯ ನಡುಭಾಗ ಮಸುಕಾಗುತ್ತಾ ಬಂದಿತ್ತು. ಇನ್ನು ಕೆಲವು ತಿಂಗಳು ಮಾತ್ರ ಮುಖಗಳು ಕಾಣಬಹುದು ಎಂದಿದ್ದರು ಡಾಕ್ಟರು. ಅಷ್ಟರೊಳಗೆ ತಾತನ ಮುಖವನ್ನು ಒಮ್ಮೆ ನೋಡಬೇಕು, ಅಷ್ಟೇ ಅವರ ಆಸೆ.

ಫಿಲಂಗೆ ಎರಡು ಮೈ. ಒಂದು ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ, ಚಿತ್ರವಿರುವುದು ಆ ಕಡೆ. ಅದಕ್ಕೆ ಎಮಲ್ಷನ್ ಎನ್ನುತ್ತೇವೆ. ತಿರುಗಾಮುರುಗಾ ಹಾಕಿದರೆ ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗುತ್ತದೆ. ಈ ರೀಲು ಬೂಷ್ಟು ಹಿಡಿದು ಎರಡು ಕಡೆಯೂ ಮಂಕಾಗಿತ್ತು. ಲೆನ್ಸಿನಡಿ ಹೊರಳಿಸಿ ನೋಡಿ, ಇದೇ ಕಡೆ ಎಂದು ತೀರ್ಮಾನಿಸಿಬಿಟ್ಟೆ. ಅಂಗಡಿಗಳ ಬೋರ್ಡು ಅತಿ ಬೆಳಕಿಗೆ ಬರೀ ಬೆಳ್ಳಗಾಗಿ ಬಿದ್ದಿದ್ದರಿಂದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

ಪರದೆಯ ಮೇಲೆ ಬೀದಿ ಎದ್ದು ಬಂತು. ತಲೆಮೇಲೆ ಶಾಲು ಹೊದ್ದ ಹೆಂಗಸರು ಮರದ ಅಟ್ಟೆಯ ಬೂಟು ಹಾಕಿಕೊಂಡು ಗುಂಪಾಗಿ ಬರುತ್ತಿದ್ದರು. ಹಾಲಿನ ಕ್ಯಾನು ಹೇರಿದ ಕುದುರೆಗಾಡಿ, ಅದರ ಹಿಂದೆ ಟ್ರಾಮು. ನೋಡುತ್ತಾ ನೋಡುತ್ತಾ ನನಗೆ ಏನೋ ಗೊಂದಲ. ಪೇಪರ್ ಮಾರುವವನು ಎಡಗೈಯಲ್ಲಿ ಪೇಪರ್ ಕೊಡುತ್ತಿದ್ದ. ಇಬ್ಬರು ಗೆಳೆಯರು ಎಡಗೈ ಎಡಗೈ ಕುಲುಕುತ್ತಿದ್ದರು.

ನನ್ನ ಜೊತೆಯಲ್ಲಿ ಓದಿ, ಜೊತೆಯಲ್ಲೇ ಇಲ್ಲಿ ಕೆಲಸಕ್ಕೆ ಸೇರಿದ ತುಮಕೂರಿನ ರಘು ಹಿಂದೆ ಬಂದು ನಿಂತ. “ಏನೇ ಇದು, ಊರಿಗೆ ಊರೇ ಎಡಚರಾ? ಗಾಡಿನೂ ರಾಂಗ್ ಸೈಡಲ್ಲಿ ಹೋಗ್ತೈತೆ.”

“ಆ ಕಾಲದ ಪದ್ಧತಿ ಏನಿತ್ತೋ, ಸುಮ್ನಿರೋ,” ಎಂದು ಅವನ ಬಾಯಿ ಮುಚ್ಚಿಸಿದೆ.

ಚಿಕ್ಕಂದಿನಲ್ಲಿ ಎಡಗೈಯಲ್ಲಿ ಏನಾದರೂ ಕೊಟ್ಟರೆ ಅಜ್ಜಿಯಿಂದ ಏಟು ತಿಂದವಳು ನಾನು. ಈ ದೇಶಕ್ಕೆ ಬಂದಮೇಲೆ, ಎಡಗೈ ಚಾಚಿದವರನ್ನು ತಪ್ಪು ತಿಳಿಯಬಾರದು ಎಂದು ಕಷ್ಟಪಟ್ಟು ಕಲಿತಿದ್ದೆ. ಆ ಸೌಜನ್ಯವೇ ನನ್ನ ಕಣ್ಣಿಗೆ ಬಟ್ಟೆ ಕಟ್ಟಿತ್ತು. ರಾಂಗ್ ಸೈಡಂತೂ ಬೆಂಗಳೂರಿನಲ್ಲಿ ಬೆಳೆದವಳಿಗೆ ಸುದ್ದಿಯೇ ಅಲ್ಲ.

ರೀಲಿನ ಕೊನೆಯಲ್ಲಿ ಒಂಟಿಗೈಯ ಒಬ್ಬರು ಬಂದರು. ಕೋಟಿನ ಖಾಲಿ ತೋಳನ್ನು ಜೇಬಿಗೆ ಸಿಕ್ಕಿಸಿಕೊಂಡಿದ್ದರು. ಆದರೆ ಖಾಲಿ ಇದ್ದದ್ದು ಬಲದೋಳು. ಎಡಗೈಯಲ್ಲಿ ಟೋಪಿ ಎತ್ತಿ ಕ್ಯಾಮೆರಾಕ್ಕೆ ನಮಸ್ಕರಿಸಿ ಹೋದರು. ಹಳೆಯ ಮಾತು, ಹೇಳುವವರು ಎಡಬಲ ಮರೆತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ವಾರ ಡೆಲೇನಿ ಬಂದರು. ಕಣ್ಣಿನ ಅಂಚಿನಿಂದ ನೋಡಲು ತಲೆ ಓರೆ ಮಾಡಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತು ಮೂರು ಸಲ ನೋಡಿದರು.

“ಇವರು ನಮ್ಮ ತಾತ ಅಲ್ಲ,” ಎಂದರು. ತಾಯಿ ಚಿಕ್ಕವಳಿದ್ದಾಗ ತಾತನ ಉಳಿದ ಒಂದೇ ಕೈ, ಆ ಬಲಗೈ, ಹಿಡಿದು ನಡೆದವಳು; ಅವಳು ತಪ್ಪಿರಲಿಕ್ಕಿಲ್ಲ ಎಂದರು. “ಗ್ರ್ಯಾಂಡ್, ಪರವಾಗಿಲ್ಲ” ಎನ್ನುತ್ತಾ ಕೋಟು ಹುಡುಕತೊಡಗಿದರು.

ಟೀ ಕುಡಿದು ಹೋಗಿ ಎಂದೆ. ಬಲಗೈಯಲ್ಲಿ ಫೈಲಿತ್ತು, ಎಡಗೈಯಲ್ಲೇ ಕಪ್ಪು ಚಾಚಿದೆ. ತಟ್ಟನೆ ಹಿಂದೆಗೆದು, ಫೈಲು ಕೆಳಗಿಟ್ಟು, ಬಲಗೈಯಲ್ಲಿ ಕೊಟ್ಟೆ. ಯಾಕೆ ಹಾಗೆ ಎಂದು ಕೇಳಿದರು. ನಮ್ಮ ಕಡೆಯ ರೂಢಿ ಹೇಳಿದೆ. ಅವರಿಗೆ ನಗು ಬಂತು.

“ಟೀ ಯಾವ ಕೈಯಲ್ಲಿ ಕೊಟ್ಟರೂ ನಮಗೆ ಒಂದೇ. ಆದರೆ ಕೈಕುಲುಕಲು ಮಾತ್ರ ಯಾವತ್ತೂ ಬಲಗೈಯೇ,” ಎನ್ನುತ್ತಾ ಟೀ ಮುಗಿಸಿ, ಹೊರಡುವ ಮುನ್ನ ಬಲಗೈ ಚಾಚಿದರು.

ಆ ಕೈ ಹಿಡಿದವಳು ಬಿಡಲೇ ಇಲ್ಲ; ರೀಲಿನಲ್ಲಿ ಎಡಗೈ ಕುಲುಕಿದ ಆ ಇಬ್ಬರು ಗೆಳೆಯರು ನೆನಪಾದರು. “ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದೆ, ಅದೂ ಕನ್ನಡದಲ್ಲಿ. ಅವರಿಗೆ ಏನು ಅರ್ಥವಾಯಿತೋ, ಕೂತರು.

ಚಿತ್ರವನ್ನು ತಿರುಗಿಸಲು ಒಂದು ಬಟನ್ ಸಾಕು. ಇಡೀ ಊರು ಮಗ್ಗುಲು ಬದಲಿಸಿತು. ಗಾಡಿ ರಸ್ತೆಯ ಎಡಕ್ಕೆ ಬಂತು, ಗೆಳೆಯರು ಬಲಗೈ ಕುಲುಕಿದರು. ಒಂಟಿಗೈಯವರು ಬಂದು, ಬಲಗೈಯಲ್ಲಿ ಟೋಪಿ ಎತ್ತಿದರು. ಡೆಲೇನಿ ಮತ್ತೆ ತಲೆ ಓರೆ ಮಾಡಿ ಪರದೆಗೆ ಬಾಗಿದರು.

“ಕಿವಿ ನೋಡಿ,” ಎಂದರು ಆಮೇಲೆ. “ನಮ್ಮಮ್ಮನದೇ.”

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಒಂದು ಟೀ ಕಪ್ಪು ಅಡ್ಡ ಬರದಿದ್ದರೆ ಅವರು ತಾತನನ್ನು ನೋಡಿಯೂ ನೋಡದೆ ಬಸ್ಸು ಹತ್ತಿರುತ್ತಿದ್ದರು. ನನ್ನ ಕೆಲಸ ಕಲಿಸಿದ್ದು ಇಷ್ಟು: ಗೊಂದಲವಾದಾಗ ಅದಕ್ಕೊಂದು ಮರ್ಯಾದೆಯ ಹೆಸರಿಟ್ಟು ಮುಚ್ಚಿಡಬಾರದು, ಕೇಳಿಬಿಡಬೇಕು. ರಘು ಅಂದೇ ಕೇಳಿದ್ದ. ಅದನ್ನು ಅವನು ಇವತ್ತಿಗೂ ಆಡಿಕೊಳ್ಳುತ್ತಾನೆ, ಆಡಿಕೊಳ್ಳಲಿ.

ಡೆಲೇನಿಯವರಿಗೆ ಈಗ ಮುಖಗಳು ಕಾಣುವುದಿಲ್ಲ. ಆಗಾಗ ಫೋನ್ ಮಾಡಿ ಬೀದಿ ಹೇಳು ಎನ್ನುತ್ತಾರೆ. ನಾನು ರೀಲು ಓಡಿಸುತ್ತಾ ಶಾಲಿನ ಹೆಂಗಸರು ಬಂದರು, ಹಾಲಿನ ಗಾಡಿ ಬಂತು, ತಾತ ಬಂದರು, ಟೋಪಿ ಎತ್ತಿದರು ಎಂದು ಹೇಳುತ್ತಾ ಹೋಗುತ್ತೇನೆ.

“ಯಾವ ಕೈ?” ಎಂದು ಪ್ರತಿ ಸಲವೂ ಕೇಳುತ್ತಾರೆ.

“ಬಲಗೈ,” ಎನ್ನುತ್ತೇನೆ.