ಹಬ್ಬದ ಹುಲ್ಲು

ಉರಾಲ್ ಕಾಡಿನಂಚಿನ ಆ ಹಳ್ಳಿಯಲ್ಲಿ ಅಗ್ರಫೇನಾಳ ಮನೆಯೊಳಗೆ ಕಾಲಿಡುವುದು ಸುಲಭವಿರಲಿಲ್ಲ. ಹಿಮ ಕರಗಿತೆಂದರೆ ಜಗಲಿಯಲ್ಲೇ ತಡೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿದ್ದೀಯಾ, ಅಂಗಿ ಬಿಚ್ಚು, ಕಂಕುಳು ತೋರಿಸು, ಕಿವಿ ಮಡಿಸು. ಮಗ, ಸೊಸೆ ಒಲೇಸ್ಯಾ ಇರಲಿ, ಪಾದ್ರಿ ಬಂದರೂ ಬಿಡುತ್ತಿರಲಿಲ್ಲ. ನಾಯಿ ಪುಲ್ಕಾಳ ಮೈಯನ್ನಂತೂ ದಿನಾ ಬೆರಳಲ್ಲಿ ಜಾಲಾಡಿ, ಸಿಕ್ಕ ಉಣುಗುಗಳನ್ನು ಸೀಮೆಎಣ್ಣೆ ಸೀಸೆಗೆ ಹಾಕುವಳು. ರಕ್ತ ಕುಡಿದು ಹರಳುಬೀಜದಷ್ಟು ಊದಿ, ಇನ್ನೂ ಕಾಲಾಡಿಸುತ್ತಿರುವ ಆ ದರಿದ್ರಗಳನ್ನು ಕಂಡರೆ ಅವಳಿಗೆ ತಿಂದದ್ದೆಲ್ಲ ಗಂಟಲಿಗೆ ಬರುತ್ತಿತ್ತು. ತನ್ನ ಮೈ ಮಾತ್ರ ಯಾರಿಗೂ ತೋರಿಸಳು. ನನ್ನದು ನಾನೇ ನೋಡಿಕೊಳ್ಳುತ್ತೇನೆ ಎನ್ನುವಳು.

ಈ ಹೇಸಿಗೆ ಸುಮ್ಮನೆ ಬಂದದ್ದಲ್ಲ. ಒಂದು ಉಣುಗು ಕಚ್ಚಿ, ಜ್ವರ ಮಿದುಳಿಗೇರಿ, ಗಂಡ ಪ್ರೋಖರ್‌ನ ಬಲಗೈ ಒದ್ದೆ ಬಟ್ಟೆಯಂತೆ ಜೋತುಬಿದ್ದದ್ದು ಮತ್ತೆ ಮೇಲೇಳಲೇ ಇಲ್ಲ. ಈಗ ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗಳು ಉಸ್ತ್ಯಾ ಇದ್ದಳು. ಆ ಕೂಸಿಗೆ ಹಾಗಾಗಬಾರದು ಎಂಬುದೊಂದೇ ಅಗ್ರಫೇನಾಳ ಹಟ.

ಈಸ್ಟರ್ ಕಳೆದ ಏಳು ವಾರಕ್ಕೆ ತ್ರೋಯಿತ್ಸಾ ಹಬ್ಬ ಬಂತು. ಆ ದಿನ ಮನೆಯೊಳಗೆ ಹಸಿರು ಇರಲೇಬೇಕು. ಅಗ್ರಫೇನಾ ಬೆಳಿಗ್ಗೆಯೇ ಹೋಗಿ ತೋಳತುಂಬ ಹುಲ್ಲು ಕೊಯ್ದು ತಂದಳು. ಕಿಟಕಿಗಳಿಗೆ ಬರ್ಚ್ ಮರದ ಕೊಂಬೆ ಸಿಕ್ಕಿಸಿ, ನೆಲದ ತುಂಬ ಹುಲ್ಲು ಹಾಸಿದಳು. ಅವಳಮ್ಮ, ಅಜ್ಜಿ ಎಲ್ಲರೂ ಹಾಸಿದವರೇ. ಉಸ್ತ್ಯಾ ಅದರ ಮೇಲೆ ಹೊರಳಾಡಿ ಕೇಕೆ ಹಾಕಿತು.

ಸಂಜೆ ಸ್ನಾನ ಮಾಡಿಸುವಾಗ ಮಗುವಿನ ಕಿವಿಯ ಹಿಂದೆ ಕಂದು ಚುಕ್ಕೆಯೊಂದು ಕಂಡಿತು. ಚುಕ್ಕೆಗೆ ಕಾಲುಗಳಿದ್ದವು. ಒಲೇಸ್ಯಾ ದಾರದ ಕುಣಿಕೆ ಹಾಕಿ, ಮೆಲ್ಲಗೆ ತಿರುಗಿಸಿ ಕಿತ್ತು, ಪಟ್ಟಣದಲ್ಲಿ ಪರೀಕ್ಷೆ ಮಾಡಿಸಲೆಂದು ಬಾಟಲಿಗೆ ಹಾಕಿದಳು. ಅಗ್ರಫೇನಾ ಪುಲ್ಕಾಳನ್ನು ಕತ್ತು ಹಿಡಿದು ಹೊರಗಟ್ಟಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಹಾಸಿಗೆಗೆ ನಾಯಿ ಹತ್ತಿಸ್ಬೇಡ ಅಂತ ಬಡ್ಕೊಂಡೆ. ಥೂ, ಗಲೀಜು ಹೆಂಗಸು."

ಒಲೇಸ್ಯಾ ಮಗುವನ್ನು ಅವುಚಿಕೊಂಡಳು. ಪ್ರೋಖರ್ ಬಗ್ಗಿ, ಎಡಗೈಯಲ್ಲಿ ನೆಲದಿಂದ ಒಂದು ಹುಲ್ಲೆಸಳು ಎತ್ತಿ ಹೆಂಡತಿಯ ಮೂಗಿನ ಮುಂದೆ ಹಿಡಿದ. ಅದರ ತುದಿಯಲ್ಲಿ ಒಂದು ಉಣುಗು ಮುಂಗಾಲು ಚಾಚಿ ಕಾಯುತ್ತಿತ್ತು.

"ನಮ್ಮೆಲ್ಲರ ಅಂಗಿ ಬಿಚ್ಚಿಸ್ದೆ ಅಗ್ರಫೇನಾ. ಈ ಹುಲ್ಲನ್ನ ಯಾರೇ ತಡೆದ್ರು?"

ಅವಳು ಹುಲ್ಲನ್ನೆಲ್ಲ ಬಾಚಿ ಅಂಗಳಕ್ಕೊಯ್ದು ಸುಟ್ಟಳು. ಕೈ ಎಷ್ಟು ತೊಳೆದರೂ ಹೇಸಿಗೆ ಹೋಗಲಿಲ್ಲ. ಈ ಸಲ ಅದು ತನ್ನ ಮೇಲೇ ಹುಟ್ಟಿದ್ದು. ಮರುದಿನ ಮಧ್ಯಾಹ್ನ ಬಾಟಲಿ ಒಯ್ದಿದ್ದ ಮಗ ಪಟ್ಟಣದಿಂದ ಫೋನು ಮಾಡಿ, ಆ ಉಣುಗಿನಲ್ಲಿ ರೋಗವಿಲ್ಲವಂತೆ ಎಂದು ಹೇಳುವವರೆಗೆ ಅವಳು ತುತ್ತು ಮುಟ್ಟಲಿಲ್ಲ.

ಫೋನಿಟ್ಟವಳೇ ಪುಲ್ಕಾಳನ್ನು ಒಳಗೆ ಕರೆದಳು. ಆಮೇಲೆ ಜಗಲಿಗೆ ಬಂದು, ರವಿಕೆ ಕಳಚಿ, ಸೊಸೆಗೆ ಬೆನ್ನು ಮಾಡಿ ನಿಂತಳು.

"ನನ್ನೂ ಸ್ವಲ್ಪ ನೋಡಮ್ಮ."

ಒಲೇಸ್ಯಾ ಅತ್ತೆಯ ಜಡೆ ಎತ್ತಿ ಹಿಂಗತ್ತು ನೋಡಿದಳು. ಕೂದಲ ಬುಡದಲ್ಲಿ ಒಂದು ಕಡೆ ಅವಳ ಬೆರಳು ನಿಂತಿತು. ಆಮೇಲೆ ದಾರ ತರಲು ಒಳಗೆ ಹೋದಳು.