ಬೆಟ್ಟಮ್ಮನ ಕಂಬಳಿ

ಬೆಟ್ಟಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬಾಳ್ಳುಪೇಟೆಯಾಚೆಯ ಕಾಫಿ ಎಸ್ಟೇಟಿನ ಕೂಲಿಲೈನಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಮೂಗಿನ ತುದಿಯಲ್ಲಾದರೂ ಇತ್ತಲ್ಲ, ಉಳಿದವರಿಗೆ ಅದೂ ಇರಲಿಲ್ಲ. ಗಂಡ ಲಕ್ಕಪ್ಪ ಸತ್ತಾಗ ಬಿಟ್ಟುಹೋದದ್ದು ಒಂದು ಕರಿಕಂಬಳಿ. ಎಂಟು ಮಳೆಗಾಲ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಕಾಫಿಗಿಡಗಳ ನಡುವೆ ಕಳೆ ತೆಗೆದಿದ್ದಳು. ಈಗ ಹೆಗಲ ಹತ್ತಿರ ಅಂಗೈಯಗಲ ಹರಿದಿತ್ತು.

ಅರವತ್ತೊಂದನೇ ಇಸವಿಯ ಮೇ ಕೊನೆಯಲ್ಲಿ ಎಸ್ಟೇಟಿನ ಧಣಿಗಳ ಹೆಂಡತಿ ರಾಜಲಕ್ಷ್ಮಮ್ಮ, ಖಾಲಿ ಬಿದ್ದಿದ್ದ ಕಾಫಿ ಸ್ಟೋರಿನಲ್ಲಿ ಹತ್ತು ದಿನದ ಹೊಲಿಗೆ ಶಿಬಿರ ಇಡಿಸಿದರು. ಕಲಿಸಲು ಬೆಂಗಳೂರಿನಿಂದ ಗಂಗಾಮಣಿ ಎಂಬ ಟೀಚರ್ ಬಂದರು. ಲೈನಿನ ಹೆಂಗಸರೆಲ್ಲ ಬರಬೇಕು, ಬರುವಾಗ ಬಿಸಾಡುವಂಥ ಹಳೇಬಟ್ಟೆ ತರಬೇಕು ಎಂದು ಅಪ್ಪಣೆಯಾಯಿತು. ಬಿಸಾಡುವ ಬಟ್ಟೆಯಂತೆ! ಲೈನಿನಲ್ಲಿ ಸೀರೆ ಹರಿದರೆ ಮಗುವಿಗೆ ಹಾಸಿಗೆ, ಅದೂ ಹರಿದರೆ ಮಡಕೆ ಇಳಿಸುವ ಮಸಿಬಟ್ಟೆ. ಬಿಸಾಡುವುದು ಎಲ್ಲಿಂದ ಬಂತು? ಹೊಲಿಗೆ ಎಂದ ಮೇಲೆ ಹರಿದದ್ದನ್ನು ಹೊಲಿಯಲು ಹೇಳಿಕೊಡುತ್ತಾರೆ ಎಂದುಕೊಂಡು ಬೆಟ್ಟಮ್ಮ ತನ್ನ ಕಂಬಳಿಯನ್ನೇ ಒಯ್ದಳು.

ಕಂಬಳಿ ಕಂಡು ಗಂಗಾಮಣಿ ಕಣ್ಣರಳಿಸಿದರು. ಗೋಣಿತಾಟಿನ ಮೇಲೆ, ಮಳೆಯಲ್ಲಿ ದುಡಿಯುವ ಹೆಂಗಸಿನ ಆಳೆತ್ತರದ ಚಿತ್ರ ಮಾಡಿಸಬೇಕೆಂದಿದ್ದರು: ಕಾಫಿಬೀಜದ ನೆಲ, ಒಣಗಿದ ಎಲೆಯ ಮರ, ಚಿಂದಿಯ ಮೋಡ.

"ಇದು ಅವಳಿಗೆ ಕೊಪ್ಪೆ ಆಗುತ್ತೆ, ಎಷ್ಟು ಸಹಜವಾಗಿದೆ!" ಎನ್ನುತ್ತ, ಬೆಟ್ಟಮ್ಮ ಬಾಯಿ ತೆರೆಯುವಷ್ಟರಲ್ಲಿ ನಡುವಿಗೆ ಕತ್ತರಿ ಹಾಕಿಬಿಟ್ಟರು. ಅರ್ಧವನ್ನು ಚಿತ್ರಕ್ಕೆ ಹೊಲಿಯುವ ಕೆಲಸವನ್ನೂ ಅವಳಿಗೇ ವಹಿಸಿದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಬೆಟ್ಟಮ್ಮ ಪಕ್ಕದಲ್ಲಿದ್ದ ಭದ್ರಮ್ಮನ ಹತ್ತಿರ ಗೊಣಗಿದಳು: "ಮಳೇಗೆ ಏನ್ ಹೊದ್ಕಳ್ಳಿ ಕಣೇ ನಾನು?"

"ಸುಮ್ಕಿರೇ. ಅಮ್ಮೋರು ಕೇಳುಸ್ಕಂಡ್ರೆ ಕೆಲ್ಸ ಹೋಗ್ಬುಡ್ತದೆ."

ಒಂಬತ್ತು ದಿನ ಹೊಲಿದಳು. ಟೀಚರ್ ಮೇಲೆ ಸಿಟ್ಟು, ಅಮ್ಮೋರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಸೂಜಿ ಹಿಡಿದ ತನ್ನ ಕೈಯ ಮೇಲೇ ಸಿಟ್ಟು.

ಹತ್ತನೇ ದಿನ ಸಕಲೇಶಪುರದ ಕಡೆಯ ಎಸ್ಟೇಟಿನವರು ಚಿತ್ರ ನೋಡಲು ಬಂದರು. ಹೊರಗೆ ಮೃಗಶಿರೆ ಮಳೆ ಹಿಡಿದಿತ್ತು. ಕಾಫಿ ಕುಡಿಯುತ್ತ, ಚಿತ್ರದಲ್ಲಿ ಜೀವಕಳೆ ತುಂಬಿದೆ ಎಂದು ಹೊಗಳಿದರು. ಗಂಗಾಮಣಿ ಬೆಟ್ಟಮ್ಮನನ್ನು ಮುಂದಕ್ಕೆ ಕರೆದು, "ನೀನೇನು ಕಲಿತೆ, ಹೇಳಮ್ಮ" ಎಂದರು.

ಬೆಟ್ಟಮ್ಮ ಚಿತ್ರವನ್ನು ಗೋಡೆಯಿಂದ ಇಳಿಸಿ, ನೆಲಕ್ಕೆ ಹಾಸಿ, ಕೊಪ್ಪೆಯ ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು.

"ಏಯ್, ಏನೇ ಮಾಡ್ತಿದೀಯಾ?" ರಾಜಲಕ್ಷ್ಮಮ್ಮ ಕೂಗಿದರು.

"ಹರಿದಿದ್ದ ಹೊಲಿಯಾದು ಕಲಿಯಾನ ಅಂತ ಬಂದೆ ಅಮ್ಮೋರೇ. ನೀವು ಚೆನ್ನಾಗಿರಾದ್ನೂ ಕತ್ತರಿಸ್ಬುಟ್ರಿ. ಗ್ವಾಡೆ ಮ್ಯಾಲಿರೋ ಇವ್ಳು ಮಳೇಲಿ ನೆನೆಯಾಕಿಲ್ಲ. ನಾನ್ ನೆನೀತೀನಿ."

"ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಯ್ತು" ಎಂದವಳು ಅಲ್ಲೇ ಕೂತು, ಬಿಚ್ಚಿದ ಹೋಳನ್ನು ತಾನು ಬೆಳಿಗ್ಗೆ ತಲೆಗೆ ಹಾಕಿಕೊಂಡು ಬಂದಿದ್ದ ಉಳಿದರ್ಧಕ್ಕೆ ಸೇರಿಸಿ ಹೊಲಿಯತೊಡಗಿದಳು. ಬಂದವರು ಲೋಟ ಹಿಡಿದು ನಿಂತೇ ಇದ್ದರು. ಭದ್ರಮ್ಮ ಎದ್ದು ಬಂದು ದಾರ ಪೋಣಿಸಿ ಕೊಟ್ಟಳು. ಹೊಲಿಗೆ ಮುಗಿಯುತ್ತ ಬಂದಾಗ ರಾಜಲಕ್ಷ್ಮಮ್ಮ ಕೈಚಾಚಿದರು.

"ಸೂಜಿ ನಮ್ಮದು. ಕೊಟ್ಟು ಹೋಗು."

ಬೆಟ್ಟಮ್ಮ ದಾರವನ್ನು ಹಲ್ಲಿನಲ್ಲಿ ಕಡಿದು, ಸೂಜಿಯನ್ನು ಅವರ ಅಂಗೈಯಲ್ಲಿಟ್ಟು, ಕಂಬಳಿ ಹೊದ್ದು ಮಳೆಗೆ ಇಳಿದಳು. ನಡುವೆ ಇನ್ನೂ ಒಂದು ಗೇಣು ಹೊಲಿಯುವುದು ಬಾಕಿಯಿತ್ತು. ನೀರು ಅಲ್ಲಿಂದಲೇ ಬೆನ್ನಿಗಿಳಿಯಿತು.